ಮೆರ್ಸಿ ರಿ

ಫ್ರೆಂಚರು ಅತ್ತೆಯನ್ನು ‘ಚೆಲುವೆ ತಾಯಿ’ ಎನ್ನುತ್ತಾರೆ. ತಮಾಷೆಯಲ್ಲ, ಅವರ ಭಾಷೆಯಲ್ಲಿ ಅತ್ತೆಗಿರುವ ಪದವೇ ಅದು: ಬೆಲ್ ಮೇರ್. ಮಾವ ‘ಚೆಲುವ ತಂದೆ’. ಈ ಪದಗಳನ್ನು ಕಟ್ಟಿದ್ದು ಯಾರೋ ಬಹಳ ಜಾಣ ಸೊಸೆಯೇ ಇರಬೇಕು. ನಾನು ಧಾರವಾಡದವಳು, ನನಗೆ ಅಷ್ಟು ಜಾಣತನವಿಲ್ಲ.

ಆದರೆ ಎದುರಿಗೆ ನಿಂತು ಯಾರೂ ಹಾಗೆ ಕರೆಯುವುದಿಲ್ಲ. ಅತ್ತೆಯನ್ನು ಹೆಸರು ಹಿಡಿದು ಕರೆಯಬೇಕು ಎಂದು ಗಂಡ ಮದುವೆಗೆ ಮೊದಲೇ ಹೇಳಿದ್ದ. ಹೇಳುವುದು ಸುಲಭ, ನಾಲಿಗೆ ಹೊರಳಬೇಕಲ್ಲ! ಹಾಗಾಗಿ ಮದುವೆಯಾದಾಗಿನಿಂದ ನಾನು ಅವರನ್ನು ಏನೆಂದೂ ಕರೆದಿರಲಿಲ್ಲ. ಅವರು ಬೇಕಾದರೆ ಅವರಿರುವ ಕೋಣೆಗೆ ಹೋಗಿ, ಕಣ್ಣಿಗೆ ಬೀಳುವಂತೆ ನಿಂತು ಸಣ್ಣಗೆ ಕೆಮ್ಮುತ್ತಿದ್ದೆ. ಅವರು ಕನಿಕರದಿಂದ ಬಿಸಿನೀರಿಗೆ ಜೇನು ಹಾಕಿ ಕೊಡುತ್ತಿದ್ದರು. ನಾನು ಮರ್ಯಾದೆಗೆ ಅದನ್ನು ಕುಡಿದು, ಆಮೇಲೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಿದ್ದೆ. ಆ ಮನೆಯಲ್ಲಿ ನಾನು ಕುಡಿದಷ್ಟು ಜೇನುನೀರನ್ನು ನಿಜವಾಗಿ ಕೆಮ್ಮು ಇದ್ದವರೂ ಕುಡಿದಿರಲಿಕ್ಕಿಲ್ಲ.

ಇದಕ್ಕಿಂತ ದೊಡ್ಡ ಫಜೀತಿ ‘ನೀನು’ ಮತ್ತು ‘ನೀವು’ಗಳದು. ಫ್ರೆಂಚಿನಲ್ಲೂ ನಮ್ಮಂತೆಯೇ ಎರಡಿವೆ. ‘ತ್ಯು’ ಎಂದರೆ ನೀನು, ‘ವು’ ಎಂದರೆ ನೀವು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿಯುವಾಗ ಈ ಪಾಠ ಬಂದ ದಿನ ನಾನು ಬೀಗಿದ್ದೆ. ಇದನ್ನು ನಮಗೆ ಯಾರಾದರೂ ಹೇಳಿಕೊಡಬೇಕೇ? ಧಾರವಾಡದಲ್ಲಿ ನಾವು ‘ನೀವು’ ಅಂದು ಸುಮ್ಮನಾಗುವುದಿಲ್ಲ, ಮಾತುಮಾತಿಗೂ ‘ರಿ’ ಹಚ್ಚುತ್ತೇವೆ. ಹೌದ್ರಿ, ಇಲ್ರಿ, ಬರ್ರಿ, ಹೋಗ್ರಿ. ಕಾಯಿಪಲ್ಲೆ ಮಾರುವವನಿಗೂ ರಿ, ಬಸ್ಸಿನ ಕಂಡಕ್ಟರನಿಗೂ ರಿ. ಜಗಳಕ್ಕೆ ನಿಂತಾಗಲೂ ‘ನಿಮಗ ತಲಿ ಕೆಟ್ಟದೇನ್ರಿ’ ಎಂದು ಮರ್ಯಾದೆಯಿಂದಲೇ ಕೇಳುತ್ತೇವೆ. ರಿ ಬಿಡುವುದು ಅವ್ವನ ಹತ್ತಿರ, ಗೆಳತಿಯರ ಹತ್ತಿರ, ದೇವರ ಹತ್ತಿರ. ಅತ್ತೆಯ ಹತ್ತಿರ ರಿ ಬಿಟ್ಟ ಸೊಸೆಯನ್ನು ನಮ್ಮ ಓಣಿಯಲ್ಲಿ ನಾನಂತೂ ಕಂಡಿಲ್ಲ.

ನನ್ನ ಅತ್ತೆಗೆ ಬೇಕಾಗಿದ್ದು ಅದೇ, ರಿ ಇಲ್ಲದ ಮಾತು. ಮೊದಲ ದಿನವೇ ನನ್ನ ಎರಡೂ ಕೈ ಹಿಡಿದು, “ಇನ್ನು ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ‘ತ್ಯು’ ಅನ್ನೋಣ” ಎಂದಿದ್ದರು. ಅದು ಅವರಲ್ಲಿ ಸಣ್ಣ ಮಾತಲ್ಲ, ಮನೆಯೊಳಗೆ ಕರೆದುಕೊಂಡಂತೆ. ನನಗೆ ಅದು ಗೊತ್ತಿತ್ತು. ಕಣ್ಣು ತುಂಬಿ ಬಂದು, “ನೀವು ಬಹಳ ಒಳ್ಳೆಯವರು” ಎಂದೆ. ‘ನೀವು’ ಅಂತಲೇ ಅಂದೆ. ಗಂಡ ಗೋಡೆಯ ಕಡೆ ತಿರುಗಿ ನಕ್ಕ. ಅತ್ತೆಯೂ ನಕ್ಕು, ರೂಢಿಯಾಗುತ್ತದೆ ಬಿಡು ಎಂದರು. ರೂಢಿಯಾಗಲೇ ಇಲ್ಲ. ಬಾಯಿ ತೆರೆದರೆ ‘ವು’ ಮುಂದೆ ಬಂದು ನಿಲ್ಲುತ್ತಿತ್ತು.

ನಾವಿರುವುದು ಅಮೆರಿಕದಲ್ಲಿ, ಟೆಕ್ಸಸ್‌ನ ಆಸ್ಟಿನ್ ಊರಿನ ಡೊಮೇನ್ ಬಡಾವಣೆಯ ಹತ್ತಿರ. ಅತ್ತೆ ಮಾವ ಹ್ಯೂಸ್ಟನ್‌ನ ಶುಗರ್ ಲ್ಯಾಂಡ್‌ನಲ್ಲಿ. ಮಾವ ಎಣ್ಣೆ ಕಂಪನಿಯ ಕೆಲಸಕ್ಕೆಂದು ಫ್ರಾನ್ಸಿನಿಂದ ಬಂದವರು ಇಲ್ಲಿನ ಬಿಸಿಲಿಗೆ, ಹೊಗೆಯಲ್ಲಿ ಬೇಯಿಸಿದ ಮಾಂಸಕ್ಕೆ ಮನಸೋತು ಉಳಿದುಬಿಟ್ಟರು. ಕೌಬಾಯ್ ಟೋಪಿ ಹಾಕಿಕೊಂಡು ಹುಲ್ಲು ಕತ್ತರಿಸುತ್ತಾರೆ. ಅತ್ತೆ ಮಾತ್ರ ಟೆಕ್ಸಸ್ ಅನ್ನು ಹೊಸಿಲಿನ ಹೊರಗೇ ನಿಲ್ಲಿಸಿದ್ದಾರೆ. ಅವರ ಊಟದ ಮೇಜಿನ ಕಟ್ಟಳೆಗಳು ನಮ್ಮಜ್ಜಿಯ ಮಡಿಗಿಂತ ಒಂದು ಕೈ ಮೇಲು. ಬ್ರೆಡ್ಡನ್ನು ಬೋರಲು ಇಡಬಾರದು. ಸೊಪ್ಪಿನ ಎಲೆಯನ್ನು ಚಾಕುವಿನಿಂದ ಕತ್ತರಿಸಬಾರದು, ಮಡಚಿ ತಿನ್ನಬೇಕು. ಚೀಸಿನ ಮೂಗಿನಂಥ ತುದಿಯನ್ನು ಕತ್ತರಿಸಿಕೊಂಡವರು ಆ ಮನೆಗೆ ಎರಡನೇ ಸಲ ಊಟಕ್ಕೆ ಬಂದಿದ್ದು ನಾನು ನೋಡಿಲ್ಲ. ಎರಡೂ ಕೈ ಮೇಜಿನ ಮೇಲೆ ಕಾಣುತ್ತಿರಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ಹೆಂಗಸಿಗೆ ‘ನೀನು’ ಅನ್ನಬೇಕಂತೆ!

ಹೀಗಿರುವಾಗ ಒಂದು ಚಳಿಗಾಲ ಅವ್ವ ಬಂದಳು. ಡಲ್ಲಾಸ್‌ನಲ್ಲಿ ನನ್ನ ಅಕ್ಕನ ಮನೆಯಿದೆ, ಅಲ್ಲಿಗೆ ಬಂದಿಳಿದಿದ್ದಳು. ಕ್ರಿಸ್ಮಸ್ಸಿಗೆ ಬೀಗರ ಮನೆಗೆ ಕರೆದುಕೊಂಡು ಬಾ ಎಂದು ಅತ್ತೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದರಿಂದ, ನಾನೇ ಡಲ್ಲಾಸ್‌ಗೆ ಹೋಗಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಶುಗರ್ ಲ್ಯಾಂಡ್‌ಗೆ ಡ್ರೈವ್ ಮಾಡಿದೆ. ಗಂಡ, ಪುಟ್ಟ ಮಗಳು ಆಸ್ಟಿನ್‌ನಿಂದ ಮೊದಲೇ ಅಲ್ಲಿಗೆ ಹೋಗಿದ್ದರು. ಅವ್ವ ರಿಟೈರ್ ಆದ ಕನ್ನಡ ಸಾಲಿ ಟೀಚರು. ಇಂಗ್ಲಿಷ್ ಕೆಲಸಕ್ಕೆ ಬೇಕಾಗುವಷ್ಟು ಬರುತ್ತದೆ, ಅದೂ ಪಾಠ ಹೇಳುವ ಧಾಟಿಯಲ್ಲಿ.

ಬಾಗಿಲಲ್ಲೇ ಮೊದಲ ಅಪಘಾತ. ಫ್ರೆಂಚರು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುತ್ತಾರೆ ಎಂದು ದಾರಿಯುದ್ದಕ್ಕೂ ಅವ್ವನಿಗೆ ಹೇಳಿದ್ದೆ. ಅತ್ತೆ ಕೆನ್ನೆ ಮುಂದೆ ತಂದರು, ಅವ್ವ ಅದೇ ಗಳಿಗೆಗೆ ಕೈಮುಗಿದು ಬಗ್ಗಿದಳು. ಹಣೆ ಹೋಗಿ ಕೆನ್ನೆಗೆ ಬಡಿಯಿತು. ಅವ್ವನ ಕುಂಕುಮ ಅಷ್ಟೂ ಅತ್ತೆಯ ಕೆನ್ನೆಯ ಮೇಲೆ ಕೂತಿತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅತ್ತೆ ಕೆಂಪು ಕೆನ್ನೆ ಹೊತ್ತುಕೊಂಡೇ ಅಂಗಡಿಗೂ ಹೋಗಿ ಬಂದರು.

ಅವ್ವನಿಗೆ ಅತ್ತೆಯ ಮೇಲೆ ಮೊದಲ ದಿನವೇ ಪ್ರೀತಿ ಹುಟ್ಟಿತು. ಕಾರಣ ವಿಚಿತ್ರವಾದದ್ದು. ಅತ್ತೆ ನನ್ನ ಮಗಳನ್ನು ‘ಮಾ ಶೆರಿ’ ಎಂದು ಕರೆಯುತ್ತಾರೆ. ನನ್ನ ಮುದ್ದು ಎಂದರ್ಥ. ಅವ್ವ ಅದರ ಕೊನೆಯ ಅಕ್ಷರವನ್ನಷ್ಟೇ ಕೇಳಿಸಿಕೊಂಡಳು.

“ಸಣ್ಣ ಕೂಸಿಗೂ ರಿ ಹಚ್ಚಿ ಮಾತಾಡ್ತಾರ ನೋಡು ನಿಮ್ಮತ್ತಿ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. “ಎಂಥಾ ಸಂಸ್ಕಾರ! ನಿನ್ನ ಮಗಳು ನನಗ ‘ಹೇ ಅಜ್ಜಿ’ ಅಂತಾಳ.”

ಅದು ನಮ್ಮ ರಿ ಅಲ್ಲ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಅವ್ವ ಮುಂದೆ ಹೋಗಿಯಾಗಿತ್ತು. ಕಾಫಿ ಕೊಟ್ಟ ಅತ್ತೆಗೆ “ಮೆರ್ಸಿ ರಿ” ಎಂದಳು, ಫ್ರೆಂಚಿನ ಧನ್ಯವಾದಕ್ಕೆ ನಮ್ಮ ರಿ ಹಚ್ಚಿ. ಬೆಳಗ್ಗೆ “ಬೋಂಜೂರ್ ರಿ”. ಸಿಂಪಿ, ಬಸವನಹುಳು, ಬಾತುಕೋಳಿಯ ಪಿತ್ತಜನಕಾಂಗ ಹೀಗೆ ಒಂದೊಂದಾಗಿ ಮೇಜಿಗೆ ಬಂದ ಹಬ್ಬದ ತಿನಿಸುಗಳಿಗೆಲ್ಲ ಕೈಮುಗಿದು “ಬ್ಯಾಡ್ರಿ, ಬ್ಯಾಡ್ರಿ” ಎಂದಳು. ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆಗೆ ಮಾತ್ರ ಬ್ಯಾಡ್ರಿ ಎನ್ನಲಿಲ್ಲ. ಹೀಗಾಗಿ ನನ್ನ ಅತ್ತೆ ಕಲಿತ ಮೊದಲ ಕನ್ನಡ ಪದ ‘ಬ್ಯಾಡ್ರಿ’. ಮಾವನ ಗ್ಲಾಸಿಗೆ ವೈನ್ ಹಾಕಲು ಬಾಟಲಿ ಎತ್ತಿದ ತಮ್ಮ ಮಗನಿಗೂ “ಬ್ಯಾಡ್ರಿ” ಎಂದು ಗದರುವಷ್ಟು ಚೆನ್ನಾಗಿ ಕಲಿತರು.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಇನ್ನೊಂದು ಗೊಂದಲ. ಇಲ್ಲಿನ ಬೇರೆ ಮನೆಗಳಲ್ಲಿ ಉಡುಗೊರೆಗೆ ಕಾಲುಚೀಲ ತೂಗುಹಾಕುತ್ತಾರೆ. ಅತ್ತೆಯ ಮನೆಯಲ್ಲಿ ಎಲ್ಲರ ಬೂಟುಗಳನ್ನು ಒರೆಸಿ, ಅಲಂಕಾರ ಮಾಡಿದ ಕ್ರಿಸ್ಮಸ್ ಗಿಡದ ಬುಡಕ್ಕೆ ಸಾಲಾಗಿ ಇಡುವುದು ಪದ್ಧತಿ. ಉಡುಗೊರೆಗಳು ಆ ಬೂಟುಗಳ ಹತ್ತಿರ ಬರಬೇಕು. ಅವ್ವನಿಗೆ ಇದೆಲ್ಲ ಏನು ಗೊತ್ತು? ದೀಪ ಹಚ್ಚಿದ ಗಿಡ, ಅದರ ಬುಡದಲ್ಲಿ ದನದ ಕೊಟ್ಟಿಗೆ, ಕೂಸು, ತಾಯಿ, ಎಲ್ಲ ಮಣ್ಣಿನ ಗೊಂಬೆಗಳು. ಅಂದರೆ ದೇವರು. ದೇವರ ಮುಂದೆ ಬೂಟು! ಯಾರೋ ಹುಡುಗಬುದ್ಧಿಯಿಂದ ಬಿಟ್ಟಿದ್ದಾರೆ ಎಂದುಕೊಂಡು ಅಷ್ಟನ್ನೂ ಒಯ್ದು ಹೊರಬಾಗಿಲ ಆಚೆ ಅಚ್ಚುಕಟ್ಟಾಗಿ ಜೋಡಿಸಿದಳು. ಬೆಳಗ್ಗೆ ಮಾವನ ಬೂಟಿನಲ್ಲಿ ಇಬ್ಬನಿ ಇತ್ತು, ನನ್ನದರಲ್ಲಿ ಒಂದು ಕಪ್ಪೆ. ಮಗಳು “ಸಾಂಟಾ ಗಾಟ್ ಮಮ್ಮಿ ಅ ಫ್ರಾಗ್!” ಎಂದು ಕುಣಿದಳು. ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಗಿನ್ನೂ ಎಲ್ಲ ಸರಿಯಾಗಿತ್ತು.

ಕೆಟ್ಟಿದ್ದು ಅಂದಿನ ಮಧ್ಯಾಹ್ನದ ಊಟದಲ್ಲಿ. ಅವ್ವ ಸುಮ್ಮನೆ ಕೂರುವ ಜಾತಿಯಲ್ಲ. ಎದ್ದೆದ್ದು ತಟ್ಟೆ ತೆಗೆಯುವುದು, ಬಡಿಸಲು ಹೋಗುವುದು. ನಾನು ರೇಗಿ, “ಏ ಅವ್ವಾ, ನೀ ಸುಮ್ನ ಕೂಡ್ರು, ಎಲ್ಲಾ ನಾ ಮಾಡ್ತೀನಿ” ಎಂದೆ.

ಅತ್ತೆ ಫೋರ್ಕ್ ಕೆಳಗಿಟ್ಟರು. ಕಿವಿ ಚುರುಕು ಅವರಿಗೆ. “ಈಗ ನೀನು ಅಂದದ್ದರಲ್ಲಿ ರಿ ಇರಲಿಲ್ಲ,” ಎಂದು ನನಗೆ ಫ್ರೆಂಚಿನಲ್ಲಿ ಹೇಳಿದರು. “ನಿಮ್ಮಮ್ಮ ನನ್ನ ಹತ್ತಿರ ಮಾತಾಡುವಾಗಲೆಲ್ಲ ರಿ ಇರುತ್ತದೆ. ಏನದು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ, ಇಷ್ಟು ದಿನ ಕಾದಿದ್ದ ಪಾಠ ಸಿಕ್ಕಿತೆಂದು, ಇಂಗ್ಲಿಷಿನಲ್ಲಿ ಶುರುಮಾಡಿಬಿಟ್ಟಳು. ಬಾ ಅಂದರೆ ಹತ್ತಿರದವರಿಗೆ, ಬರ್ರಿ ಅಂದರೆ ದೊಡ್ಡವರಿಗೆ. ತಿನ್ನು, ತಿನ್ರಿ. ರಿ ಅಂದರೆ ರೆಸ್ಪೆಕ್ಟ್. ಅತ್ತೆ ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸುತ್ತ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಹಾಗಾದರೆ ಅಮ್ಮನಿಗೆ ತ್ಯು. ನನಗೆ ವು” ಎಂದರು.

“ಅದು ಗೌರವ,” ಎಂದೆ.

“ಗೌರವವನ್ನು ನಾನು ಹಲ್ಲಿನ ಡಾಕ್ಟರಿಗೆ ಕೊಡುತ್ತೇನೆ,” ಎಂದರು ಅತ್ತೆ. “ನನಗೆ ಮಗಳಿಲ್ಲ. ನೀನು ಬಂದೆ ಎಂದುಕೊಂಡಿದ್ದೆ.”

ಇದೊಂದು ಸಲ ಕೆಮ್ಮಬೇಕಾಗಿತ್ತು, ಕೆಮ್ಮೂ ಬರಲಿಲ್ಲ. ಅವರು ನ್ಯಾಪ್ಕಿನ್ ಮಡಚಿ, ನನ್ನತ್ತ ನೋಡದೆಯೇ ಹೇಳಿದರು: “ದಯವಿಟ್ಟು ಬೆಣ್ಣೆಯನ್ನು ಈ ಕಡೆ ಕೊಡುವಿರಾ?”

ಕೊಡುವಿರಾ! ಮಾವ ಟೋಪಿ ಇಲ್ಲದಿದ್ದರೂ ಟೋಪಿ ಸರಿಮಾಡಿಕೊಂಡರು.

ಅಂದಿನಿಂದ ಅತ್ತೆ ನನಗೆ ‘ವು’ ಹಚ್ಚಿದರು. ನೀವು ಕಾಫಿ ಕುಡಿಯುವಿರಾ, ನಿಮಗೆ ನಿದ್ದೆ ಬಂತೇ. ಬೈಗುಳವಿಲ್ಲ, ಸಿಡಿಮಿಡಿಯಿಲ್ಲ, ಬರೀ ಮರ್ಯಾದೆ. ಧಾರವಾಡದಲ್ಲಿ ಅತ್ತೆ ಸೊಸೆಗೆ ‘ಏನ್ರೀ ಸೊಸಿಯವರ’ ಎಂದಳೆಂದರೆ ಆ ಮನೆಯಲ್ಲಿ ಅಂದು ಒಲೆ ಹತ್ತುವುದಿಲ್ಲ. ಫ್ರಾನ್ಸಿನಲ್ಲೂ ಅದೇ ಲೆಕ್ಕವಂತೆ. ಇಷ್ಟು ವರ್ಷ ಅವರ ‘ತ್ಯು’ವನ್ನು ಗಾಳಿಯಂತೆ ಉಸಿರಾಡಿದ್ದೆ, ಒಮ್ಮೆಯೂ ಗಮನಿಸಿರಲಿಲ್ಲ. ಅದು ನಿಂತ ಮೇಲೆ ಅವರ ಮನೆಯಲ್ಲಿ ನಾನು ಬಂದುಹೋಗುವವಳಂತೆ ಆದೆ. ಟವೆಲ್ ಎಲ್ಲಿದೆ ಎಂದು ಗೊತ್ತಿದ್ದರೂ ಕೇಳಿ ತೆಗೆದುಕೊಳ್ಳುತ್ತಿದ್ದೆ.

“ನೀನೊಂದು ತ್ಯು ಅಂದುಬಿಡು, ಮುಗಿಯಿತು,” ಎಂದ ಗಂಡ. ಅವನಿಗೇನು ಹೋಗಬೇಕು? ಅವನು ನನ್ನ ಅವ್ವನಿಗೂ ಕನ್ನಡದಲ್ಲಿ ‘ನೀನು ಊಟ ಮಾಡು’ ಎನ್ನುತ್ತಾನೆ. ಅವ್ವ ಅದನ್ನು ಅಳಿಯನ ಮುಗ್ಧತೆ ಎಂದು ಊರೆಲ್ಲ ಹೇಳಿಕೊಂಡು ನಗುತ್ತಾಳೆ. ನನಗೆ ಆ ರಿಯಾಯಿತಿ ಇರಲಿಲ್ಲ. ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ‘ತ್ಯು, ತ್ಯು’ ಎಂದು ಅಭ್ಯಾಸ ಮಾಡಿದೆ. ಅವರ ಮುಖ ಎದುರಿಗೆ ಬಂದ ಕೂಡಲೇ ನಮ್ಮ ಓಣಿಯ ಹೆಂಗಸರೆಲ್ಲ ಬಂದು ನನ್ನ ನಾಲಿಗೆಯ ಮೇಲೆ ಕೂತುಬಿಡುತ್ತಿದ್ದರು.

ಹೊಸ ವರ್ಷದ ದಿನ ಅವ್ವ ಗುಡಿಗೆ ಹೋಗಬೇಕೆಂದಳು. ಪಕ್ಕದೂರು ಪೇರ್‌ಲ್ಯಾಂಡ್‌ನ ಗುಡಿಗೆ ಅತ್ತೆಯೂ ಬಂದರು. ಅವ್ವ ಅಮ್ಮನವರ ಮುಂದೆ ಕಣ್ಣುಮುಚ್ಚಿ ಗಟ್ಟಿಯಾಗಿ, “ಎಲ್ಲಾರನ್ನೂ ಚೊಲೋ ಇಡು ತಾಯಿ” ಎಂದಳು. ಅತ್ತೆಯ ಕಿವಿ ಮತ್ತೆ ನೆಟ್ಟಗಾಯಿತು. ಹೊರಗೆ ಬಂದು ಪುಳಿಯೋಗರೆ ತಿನ್ನುವಾಗ ಅವ್ವನನ್ನು ಕೇಳಿದರು: “ಗಾಡ್? ನೋ ರಿ?”

“ನೋ ರಿ,” ಎಂದಳು ಅವ್ವ. “ಗಾಡ್ ಈಸ್ ಅವರ್ ಓನ್.”

“ನಾವೂ ದೇವರಿಗೆ ತ್ಯು ಅನ್ನುತ್ತೇವೆ,” ಎಂದು ಅತ್ತೆ ಇಂಗ್ಲಿಷಿನಲ್ಲಿ ಹೇಳಿ, ಪುಳಿಯೋಗರೆಯ ತಟ್ಟೆಯನ್ನು ನೋಡುತ್ತ, “ಹಾಗಾದರೆ ರಿ ಇರುವುದು ಪೊಲೀಸರಿಗೆ ಮತ್ತು ನನಗೆ” ಎಂದರು. ಅವ್ವನಿಗೆ ಅದರ ಒಳಗುಟ್ಟು ತಿಳಿಯಲಿಲ್ಲ, ಹೌದೆಂದು ತಲೆಯಾಡಿಸಿದಳು.

ಅವ್ವನನ್ನು ಡಲ್ಲಾಸ್‌ಗೆ ಬಿಡುವ ಮುಂಚೆ ಬಂದದ್ದು ರಾಜರ ಹಬ್ಬ. ಜನವರಿಯ ಆರಂಭದ ಭಾನುವಾರ ಫ್ರೆಂಚರು ಬಾದಾಮಿ ಹೂರಣ ತುಂಬಿದ ಪದರು ಪದರಿನ ದುಂಡು ಕೇಕು ಮಾಡುತ್ತಾರೆ. ಅದರ ಹೆಸರು ಗಲೆತ್. ಒಳಗೆ ಅವರೆಕಾಳಿನಷ್ಟು ಸಣ್ಣ ಪಿಂಗಾಣಿ ಗೊಂಬೆಯನ್ನು ಅಡಗಿಸಿರುತ್ತಾರೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು, ಯಾವ ಹೋಳು ಯಾರಿಗೆ ಎಂದು ಕೂಗಬೇಕು. ಗೊಂಬೆ ಸಿಕ್ಕವರಿಗೆ ಚಿನ್ನದ ಕಾಗದದ ಕಿರೀಟ. ನಮ್ಮ ಮದುವೆಗಳಲ್ಲಿ ನೀರಿನೊಳಗೆ ಉಂಗುರ ಹುಡುಕಿಸುವುದಿಲ್ಲವೇ, ಹಾಗೆ ಎಂದು ಅವ್ವನಿಗೆ ಹೇಳಿದೆ. ಅವ್ವ, “ಹಲ್ಲು ಮುರದ್ರ ಏನ ಮಾಡ್ತಾರ?” ಎಂದು ಕೇಳಿದಳು. ಇದನ್ನು ನಾನೂ ಯೋಚಿಸಿದ್ದೆ.

ಮಗಳು ಮೇಜಿನ ಕೆಳಗೆ ಸೇರಿದಳು. ಗಂಡ, ಮಾವ ಕುರ್ಚಿ ಹಿಡಿದರು. ಅವ್ವ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಚೆಲುವೆ ತಾಯಿ.

“ತಟ್ಟೆಗಳನ್ನು ತೆಗೆದುಕೊಡುವಿರಾ?” ಎಂದರು ಅತ್ತೆ.

ತೆಗೆದುಕೊಟ್ಟೆ. ಅವರು ಓವನ್ ತೆರೆದರು. ಕೈಗವಸು ಹಾಕಿಕೊಳ್ಳಲಿಲ್ಲ, ತೆಳುವಾದ ಒರೆಸುಬಟ್ಟೆಯೊಂದರಿಂದ ಹಿಡಿದು ಗಲೆತ್ ಇದ್ದ ಬಿಸಿ ತಟ್ಟೆಯನ್ನು ಹೊರಗೆ ಎಳೆದರು. ಬಟ್ಟೆ ಜಾರಿತು. ತಟ್ಟೆ ವಾಲಿತು. ಅವರು ಬರಿಗೈಯಿಂದ ಅದರ ಅಂಚು ಹಿಡಿದುಬಿಟ್ಟರು, ಬಿಡಲೊಲ್ಲರು. ಹಬ್ಬದ ಕೇಕು ನೆಲಕ್ಕೆ ಬೀಳುವುದಕ್ಕಿಂತ ಕೈ ಸುಡುವುದೇ ವಾಸಿ ಎನ್ನುವ ಹೆಂಗಸು ಅವರು.

“ಬಿಡವ್ವಾ!” ಎಂದು ಕಿರುಚಿದೆ. “ಏ, ಬಿಡು! ಕೈ ಸುಟ್ಕೋತೀ!”

ಕನ್ನಡದಲ್ಲಿ ಕಿರುಚಿದ್ದು ನನಗೇ ಗೊತ್ತಾಗಲಿಲ್ಲ. ತಟ್ಟೆ ದಢಾರನೆ ಬಿತ್ತು. ಗಲೆತ್ ಬೋರಲಾಗಿ ಒಡೆಯಿತು. ಗೊಂಬೆ ಟಣ್ಣೆಂದು ಹಾರಿ, ಉರುಳಿಕೊಂಡು ಹೋಗಿ ಮೇಜಿನ ಕೆಳಗೆ ಸೇರಿತು. “ಐ ಗಾಟ್ ಇಟ್! ಐ ಆಮ್ ದ ಕ್ವೀನ್!” ಎಂದು ಮಗಳು ಕೂಗಿದಳು.

ಸೋಫಾದಿಂದ ಅವ್ವನ ದನಿ ಬಂತು: “ನಾ ಏನ ಹಿಡದೀನಿ, ಬಿಡ್ಲಿಕ್ಕೆ?”

ನಾನು ಅತ್ತೆಯ ಕೈಯನ್ನು ಎಳೆದು ನಲ್ಲಿಯ ಕೆಳಗೆ ಹಿಡಿದಿದ್ದೆ. ಬೆರಳ ತುದಿಗಳು ಕೆಂಪಾಗಿದ್ದವು, ಅಷ್ಟೇ. ಅವರು ಕೈ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಅವ್ವ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಅವಳ ಕಡೆ ತಿರುಗಿ, ಹುಬ್ಬೆತ್ತಿ, ಒಂದೇ ಅಕ್ಷರ ಕೇಳಿದರು.

“ರಿ?”

ಅವ್ವ ಒಂದು ಗಳಿಗೆ ನನ್ನ ಮಾತನ್ನು ನೆನಪಿಸಿಕೊಂಡಳು. ಟೀಚರು ಅಲ್ಲವೇ, ಮಗಳ ತಪ್ಪನ್ನೂ ಮುಚ್ಚಿಡಳು. “ನೋ,” ಎಂದಳು. “ನೋ ರಿ.”

ಅತ್ತೆ ನಲ್ಲಿ ನಿಲ್ಲಿಸಿದರು. ನೆಲದ ಮೇಲಿನ ಬಾದಾಮಿ ಹೂರಣವನ್ನು ನೋಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಒದ್ದೆ ಕೈ ಅನ್ನುವುದನ್ನೂ ಮರೆತು, ದೊಡ್ಡ ದನಿಯಲ್ಲಿ ನನ್ನನ್ನು ಬೈದರು: “ನೋಡು ಏನು ಮಾಡಿದೆ! ನಿನ್ನ ಕಿರುಚಾಟಕ್ಕೆ ನನ್ನ ಗಲೆತ್ ಹೋಯಿತು!”

ನಿನ್ನ. ಅವರ ಬೈಗುಳ ಇಷ್ಟು ಹಿತವಾಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅಳು ನುಗ್ಗಿ ಬಂತು. ಅಳುತ್ತಲೇ ಅವರಿಗೆ ಫ್ರೆಂಚಿನಲ್ಲಿ ತಿರುಗಿ ಕೊಟ್ಟೆ: “ಬೀಳಿಸಿದ್ದು ನಾನಲ್ಲ, ನೀನು! ನಿನಗೆ ಕೈಗವಸು ಹಾಕಿಕೊಳ್ಳಲು ಏನಾಗಿತ್ತು?”

ಮೊದಲ ‘ತ್ಯು’ ಜಗಳದಲ್ಲೇ ಬಂತು. ಅವರು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡರು.

ಅವ್ವನಿಗೆ ಫ್ರೆಂಚ್ ಬರುವುದಿಲ್ಲ. ಆದರೆ ನನ್ನ ದನಿಯ ಧಾಟಿ ಅವಳಿಗೆ ಅರ್ಥವಾಗದೇ ಇರುತ್ತದೆಯೇ? ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬೀಗತಿಯ ಮುಂದೆ ಮಾನ ಕಳೆಯುತ್ತಿದ್ದಾಳೆ. ಅವ್ವನ ಮುಖ ಕೆಂಪಾಯಿತು.

“ಅತ್ತೀ ಜೋಡಿ ಹಿಂಗ ಮಾತಾಡೂದು? ಇದನ್ನ ಕಲಿಸೇನೇನು ನಿನಗ? ರಿ ಹಚ್ಚು! ಮೊದಲ ರಿ ಹಚ್ಚು!”

ಅತ್ತೆಗೆ ಉಳಿದದ್ದೇನು ತಿಳಿಯಿತೋ, ‘ರಿ’ ಮಾತ್ರ ಕೇಳಿಸಿತು. ನನ್ನ ಕೆನ್ನೆ ಬಿಟ್ಟು ಅವ್ವನ ಎದುರಿಗೆ ಹೋಗಿ, ಊಟದ ಮೇಜಿನಲ್ಲಿ ಅವಳಿಂದಲೇ ಕಲಿತ ಹಾಗೆ ಎರಡೂ ಕೈ ಜೋಡಿಸಿ, ತಮಗೆ ಬರುವ ಅಷ್ಟೂ ಕನ್ನಡವನ್ನು ಒಟ್ಟುಗೂಡಿಸಿ ವಿನಯದಿಂದ ಹೇಳಿದರು:

“ರಿ ಬ್ಯಾಡ್ರಿ.”